ನಾಲ್ಕು ವರ್ಷ ಬಳಸಿದ ಥೆಸಾರಸ್ ಆಪ್: ಪದ ರಾಶಿ ರಾಶಿ, ವಿವರಣೆ ಕಮ್ಮಿ

ಐದಕ್ಕೆ ಮೂರು ಸ್ಟಾರ್. ಮೊದಲ ವರ್ಷ ಕೇಳಿದ್ದರೆ ಐದೂ ಕೊಡುತ್ತಿದ್ದೆ.

ನನ್ನ ಕೆಲಸದಲ್ಲಿ ಅರ್ಧ ಪಾಲು ಇಂಗ್ಲಿಷ್ ಮೇಲ್ ಬರೆಯುವುದೇ. ಒಂದೇ ಪದ ಮತ್ತೆ ಮತ್ತೆ ಬಂದರೆ ಬರಹ ಸಪ್ಪೆ ಅನಿಸುತ್ತಿತ್ತು. ಅದಕ್ಕೇ ಈ ಥೆಸಾರಸ್, ಅಂದರೆ ಹತ್ತಿರದ ಅರ್ಥದ ಪದಗಳನ್ನು ಒಟ್ಟಿಗೆ ಕೊಡುವ ಕೋಶದ, ಆಪ್ ಹಾಕಿಕೊಂಡೆ. ಒಂದು ಪದ ಕೇಳಿದರೆ ಮೂವತ್ತು ಕೊಡುತ್ತದೆ. ನೆಟ್ ಇಲ್ಲದಿದ್ದರೂ ನಡೆಯುತ್ತದೆ.

ಎಡವಿದ್ದು ‘ಸಿಂಪಲ್’ನಲ್ಲಿ. ಸಹೋದ್ಯೋಗಿಯೊಬ್ಬರ ಪ್ಲಾನ್ ಸರಳವಾಗಿದೆ, ಚೆನ್ನಾಗಿದೆ ಅಂತ ಹೊಗಳಬೇಕಿತ್ತು. ಪಟ್ಟಿಯಲ್ಲಿ ‘ಸಿಂಪ್ಲಿಸ್ಟಿಕ್’ ಕಂಡಿತು. ಗತ್ತಾಗಿದೆಯಲ್ಲ ಅಂತ ಅದನ್ನೇ ಹಾಕಿದೆ. ವಿಷಯದ ತೊಡಕೇ ಅರ್ಥವಾಗದೆ ಮೇಲೆ ಮೇಲೆ ಮಾಡಿದ್ದು ಅಂತ ಅದರ ಅರ್ಥ! ಎರಡು ದಿನ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಬೈಗುಳವನ್ನೂ ಹೊಗಳಿಕೆಯನ್ನೂ ಒಂದೇ ಸಾಲಿನಲ್ಲಿ ಕೂರಿಸಿದರೆ ಹೀಗೇ ಆಗುವುದು. ‘ಸ್ಲಿಮ್’ ಅಂದರೆ ಜನ ಖುಷಿಪಡುತ್ತಾರೆ, ‘ಸ್ಕಿನ್ನಿ’ ಅಂದರೆ ಮುಖ ಸಿಂಡರಿಸುತ್ತಾರೆ. ಆಪ್‌ಗೆ ಎರಡೂ ಒಂದೇ.

ನಮಗೆ ಇನ್ನೊಂದು ಕಷ್ಟವೂ ಇದೆ. ಕನ್ನಡದಲ್ಲಿ ಮಳೆಯೂ ಜೋರು, ಗಾಳಿಯೂ ಜೋರು. ಇಂಗ್ಲಿಷ್‌ನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’. ನಾನು ವರ್ಷಗಟ್ಟಲೆ ‘ಸ್ಟ್ರಾಂಗ್ ರೈನ್’ ಅಂತಲೇ ಬರೆದಿದ್ದೇನೆ. ‘ನೋಡು’ ಅನ್ನುವ ಒಂದು ಮಾತಿಗೆ ಅಲ್ಲಿ ಸೀ, ಲುಕ್, ವಾಚ್ ಮೂರು. ಕಣ್ಣಿಗೆ ಬಿದ್ದರೆ ‘ಸೀ’, ಬೇಕೆಂದೇ ಅತ್ತ ಕಣ್ಣು ಹಾಯಿಸಿದರೆ ‘ಲುಕ್’, ನಡೆಯುತ್ತಿರುವುದನ್ನು ನೋಡುತ್ತಾ ಕೂತರೆ ‘ವಾಚ್’. ಯಾವ ಪದ ಯಾವುದರ ಜೊತೆ ಹೊಂದುತ್ತದೆ ಅನ್ನುವುದೇ ತಾನೇ ಮುಖ್ಯ? ಅದನ್ನೇ ಇಲ್ಲಿ ಹೇಳಿಲ್ಲ.

ಪೂರ್ತಿ ತಪ್ಪು ಆಪ್‌ನದ್ದೂ ಅಲ್ಲ ಬಿಡಿ. 1852ರಲ್ಲಿ ರೋಜೆ ಎಂಬ ಇಂಗ್ಲಿಷ್ ವೈದ್ಯರು ತಮ್ಮ ಥೆಸಾರಸ್ ಪ್ರಕಟಿಸಿದಾಗ ಅದರಲ್ಲೂ ಪದಗಳಿಗೆ ಅರ್ಥ ಕೊಟ್ಟಿರಲಿಲ್ಲ. ಗೊತ್ತಿದ್ದೂ ಬಾಯಿಗೆ ಬಾರದ ಪದವನ್ನು ನೆನಪಿಸುವುದಕ್ಕೆ ಇರುವ ವಸ್ತು ಇದು. ನಾನು ಗೊತ್ತೇ ಇಲ್ಲದ ಪದ ಹೆಕ್ಕಲು ಹೋಗಿದ್ದೆ.

ಈಗ ಇಲ್ಲಿ ಪದ ಸಿಕ್ಕ ಕೂಡಲೇ ಕಲಿಯುವವರಿಗೆಂದೇ ಮಾಡಿದ ಒಂದು ಡಿಕ್ಷನರಿ ತೆಗೆಯುತ್ತೇನೆ. ‘ಫಾರ್ಮಲ್’, ‘ಇನ್‌ಫಾರ್ಮಲ್’, ‘ಡಿಸ್‌ಅಪ್ರೂವಿಂಗ್’ (ತೆಗಳುವ ಧಾಟಿ) ಅಂತ ಪಕ್ಕದಲ್ಲೇ ಗುರುತು ಇರುತ್ತದೆ, ಉದಾಹರಣೆ ವಾಕ್ಯಗಳೂ ಇರುತ್ತವೆ. ಅರ್ಧ ನಿಮಿಷ ಜಾಸ್ತಿ ಹಿಡಿಯುತ್ತದೆ. ಹತ್ತರಲ್ಲಿ ಆರು ಸಲ ಮೊದಲು ಬರೆದ ಸಾದಾ ಪದವನ್ನೇ ಉಳಿಸಿಕೊಳ್ಳುತ್ತೇನೆ.

ಅಂದ ಹಾಗೆ, ದುಡ್ಡು ಕೊಟ್ಟರೆ ಜಾಹೀರಾತು ಹೋಗುತ್ತದೆ ಅಷ್ಟೇ. ಪದಗಳ ಪಟ್ಟಿ ಅದೇ.