ಲೇಹ್ಯದ ಡಬ್ಬಿ ಹೋದ ಎರಡು ದಾರಿ

ಮಿನಿಯಾಪೊಲಿಸ್‌ನಲ್ಲಿರುವ ಮಗಳ ಮನೆಗೆ ಉಡುಪಿಯಿಂದ ಎರಡು ಸಲ ಹೋಗಿ ಬಂದೆವು. ಮೊದಲ ಸಲ ಬೆಂಗಳೂರಿನಿಂದ ಯುರೋಪ್ ಮೇಲೆ, ಎರಡನೆಯ ಸಲ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಿಂದ ಅಬುಧಾಬಿ ಮೇಲೆ. ಮುಂದಿನ ಸಲವೂ ನನಗೆ ಅಬುಧಾಬಿಯೇ ಬೇಕು. ನಮ್ಮ ಮನೆಯವರು ಇನ್ನೂ ಒಪ್ಪಿಲ್ಲ.

ಯುರೋಪ್ ದಾರಿಗೆ ಎಲ್ಲವೂ ಒಂದೇ ಟಿಕೆಟ್. ಪೆಟ್ಟಿಗೆಗೆ ಅಂಟಿಸಿದ ಚೀಟಿಯಲ್ಲಿ ಮಿನಿಯಾಪೊಲಿಸ್ ಎಂದೇ ಇದ್ದುದರಿಂದ ಅಲ್ಲಿಯವರೆಗೆ ಅದರ ಚಿಂತೆ ಇಲ್ಲವೆಂದುಕೊಂಡಿದ್ದೆ. ಆದರೆ ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್ ಮುಗಿಸಿ, ಪೆಟ್ಟಿಗೆ ಎತ್ತಿಕೊಂಡು, ಕಸ್ಟಮ್ಸ್ ದಾಟಿ, ಅದನ್ನು ಮತ್ತೆ ಒಪ್ಪಿಸಬೇಕು. ಪೂರ್ವ ಕರಾವಳಿಯ ಆ ನಿಲ್ದಾಣದಲ್ಲಿ ನಮಗಿದ್ದದ್ದು ಎರಡೂಕಾಲು ಗಂಟೆ. ಇಮಿಗ್ರೇಷನ್ ಸಾಲಿನಲ್ಲೇ ಒಂದೂವರೆ ಗಂಟೆ ಹೋಯಿತು.

ಆಮೇಲೆ ಲೇಹ್ಯ. ತಿನ್ನುವ ಸಾಮಾನು ಇದ್ದರೆ ಹೇಳಲೇಬೇಕು, ಮುಚ್ಚಿಟ್ಟರೆ ದಂಡ. ಹೇಳಿದೆ, ಪಕ್ಕದ ಸಾಲಿಗೆ ಕಳುಹಿಸಿದರು. ಮಗಳ ಬಾಣಂತನಕ್ಕೆ ನಾನೇ ಕಾಯಿಸಿದ ಲೇಹ್ಯ, ಕಪ್ಪಗೆ, ಅಂಟಂಟು. ಅಧಿಕಾರಿ ಡಬ್ಬಿ ತೆರೆದು ಮೂಸಿ, ಔಷಧವೇ ಎಂದು ಕೇಳಿದರು. ಹೌದೆಂದರೆ ವೈದ್ಯರ ಚೀಟಿ ಕೇಳಿಯಾರು. ತಿಂಡಿಯೇ ಎಂದರು. ಅದಕ್ಕೆ ಹೌದೆನ್ನಲು ನನ್ನ ಅಮ್ಮನ ನೆನಪು ಬಿಡಲಿಲ್ಲ. ಶುಂಠಿ, ಬೆಲ್ಲ, ತುಪ್ಪ ಎಂದು ಒಂದೊಂದಾಗಿ ಬಿಡಿಸಿ ಹೇಳಿದ ಮೇಲೆ ಮುಚ್ಚಳ ಹಾಕಿ ಕೊಟ್ಟರು. ಲೇಹ್ಯ ಉಳಿಯಿತು, ವಿಮಾನ ಹೋಗಿತ್ತು. ಮರುದಿನದ ವಿಮಾನವನ್ನು ಪುಕ್ಕಟೆಯಾಗಿಯೇ ಕೊಟ್ಟರು. ರಾತ್ರಿ ಕಳೆದದ್ದು ಕುರ್ಚಿಯ ಮೇಲೆ.

ಅಬುಧಾಬಿಯಲ್ಲಿ 2014ರಿಂದ ಅಮೆರಿಕದ ಅಧಿಕಾರಿಗಳೇ ಕುಳಿತು ಇಮಿಗ್ರೇಷನ್, ಕಸ್ಟಮ್ಸ್ ಎರಡನ್ನೂ ವಿಮಾನ ಹತ್ತುವ ಮೊದಲೇ ಮುಗಿಸುತ್ತಾರೆ. ಪೆಟ್ಟಿಗೆಯ ಚಿತ್ರವನ್ನು ಪರದೆಯಲ್ಲಿ ತೋರಿಸಿ ನಿಮ್ಮದೇ ಎಂದು ಕೇಳುತ್ತಾರೆ. ಮಿಡಿ ಉಪ್ಪಿನಕಾಯಿ ಇದೆ ಎಂದೆ, ಸರಿ ಎಂದರು. ಚಿಕಾಗೊದಲ್ಲಿ ಇಳಿದಾಗ ನಾವು ಮುಂಬೈಯಿಂದ ಮಂಗಳೂರಿಗೆ ಬಂದವರಷ್ಟೇ ಸಲೀಸು. ಡಬ್ಲಿನ್ ಮತ್ತು ಶಾನನ್‌ನಲ್ಲೂ ಈ ವ್ಯವಸ್ಥೆ ಇದೆ, ನಮಗೆ ಅದು ಸುತ್ತು ಬಳಸು.

ಕಿರಿಕಿರಿ ಇಲ್ಲವೆಂದಲ್ಲ. ಭದ್ರತಾ ತಪಾಸಣೆ ಮತ್ತೊಮ್ಮೆ ಆಗುತ್ತದೆ, ನೀರಿನ ಬಾಟಲಿ ಅಲ್ಲೇ ಬಿಡಬೇಕು. ಆ ಬಾಗಿಲು ದಾಟಿದ ಮೇಲೆ ಹಿಂದಿನ ಅಂಗಡಿ ಸಾಲಿಗೆ ಮರಳುವಂತಿಲ್ಲ. ಕಾಫಿ ಕುಡಿಯದೆ ಒಳಗೆ ಬಂದ ನಮ್ಮ ಮನೆಯವರು ವಿಮಾನ ಹತ್ತುವವರೆಗೂ ಮುಖ ಊದಿಸಿಕೊಂಡಿದ್ದರು. ನಾಲ್ಕು ಗಂಟೆ ಮೊದಲೇ ಹೋಗಿದ್ದರಿಂದ ಓಡುವುದೊಂದು ತಪ್ಪಿತು.

ನಿಜವಾದ ತಕರಾರು ಟಿಕೆಟ್ಟಿನದು. ಬಜ್ಪೆಯಿಂದ ಅಬುಧಾಬಿಗೆ ಒಂದು, ಅಲ್ಲಿಂದ ಮುಂದಕ್ಕೆ ಇನ್ನೊಂದು. ಮೊದಲ ಕಂಪನಿ ಪೆಟ್ಟಿಗೆಯನ್ನು ಎರಡನೆಯದಕ್ಕೆ ದಾಟಿಸುವುದಿಲ್ಲ. ನಾವೇ ಹೊರಗೆ ಬಂದು ಎತ್ತಿಕೊಳ್ಳಬೇಕು. ಅಮೆರಿಕದ ವೀಸಾಕ್ಕೂ ಪಾಸ್‌ಪೋರ್ಟಿಗೂ ಆರು ತಿಂಗಳ ಅವಧಿ ಉಳಿದಿದ್ದರಿಂದ, ಹಾಗೆ ಹೊರಗೆ ಬರಲು ಬೇಕಾದ ಆ ದೇಶದ ವೀಸಾ ಅಬುಧಾಬಿಯಲ್ಲಿ ಇಳಿದ ಮೇಲೆಯೇ ಸಿಕ್ಕಿತು. ಅಮೆರಿಕದ ಟಿಕೆಟ್ಟಿಗೆ ತಲಾ 23 ಕೆ.ಜಿ.ಯ ಎರಡು ಪೆಟ್ಟಿಗೆ, ಗಲ್ಫ್ ಟಿಕೆಟ್ಟಿಗೆ ನಮಗೆ ಸಿಕ್ಕಿದ್ದು 30 ಕೆ.ಜಿ. ಮಾತ್ರ. ಕುಚ್ಚಲಕ್ಕಿ ಮನೆಯಲ್ಲೇ ಉಳಿಯಿತು. ಮೊದಲ ವಿಮಾನ ತಡವಾದರೆ ಎರಡನೆಯವರು ಹೊಣೆಯಲ್ಲ. ಮಳೆಗಾಲದಲ್ಲಿ ಬಜ್ಪೆಯ ಗುಡ್ಡದ ಮೇಲಿನ ರನ್‌ವೇ ಕಾಣದೆ ವಿಮಾನಗಳು ಬೆಂಗಳೂರಿಗೆ ತಿರುಗುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಆದರೆ ಟಿಕೆಟ್ ಎರಡಾದದ್ದೇ ನಮಗೆ ಅನುಕೂಲವೂ ಆಯಿತು. ಒಂದೇ ಟಿಕೆಟ್ಟಿನಲ್ಲಿ 24 ಗಂಟೆ ಮೀರಿ ನಿಂತರೆ ಅದು ಸ್ಟಾಪ್‌ಓವರ್. ದರದ ನಿಯಮ ಬೇರೆ, ಎಲ್ಲ ಟಿಕೆಟ್ಟಿಗೂ ಸಿಗುವುದಿಲ್ಲ. ನಮ್ಮದು ಎರಡು ಟಿಕೆಟ್ ಆದ್ದರಿಂದ ಗಂಟೆ ಎಣಿಸುವವರೇ ಇರಲಿಲ್ಲ. ಅಬುಧಾಬಿಯ ಮುಸಫ್ಫಾದಲ್ಲಿ ಅಕ್ಕನ ಮನೆ. ಎರಡು ರಾತ್ರಿ ಅಲ್ಲಿ ಮಲಗಿ, ನೀರುದೋಸೆ ತಿಂದು ಹೊರಟೆವು.

ತಲಾ ಒಂಬತ್ತು ಸಾವಿರ ಹೆಚ್ಚು ಬಿತ್ತು. ಶಿರಾಡಿ ಘಾಟಿಯ ರಾತ್ರಿ ಬಸ್ಸು, ಬೆಂಗಳೂರಿನ ಲಾಡ್ಜು ತಪ್ಪಿದ್ದನ್ನು ಕಳೆದರೆ ಅಷ್ಟೇನೂ ಉಳಿಯುವುದಿಲ್ಲ. ಗಲ್ಫಿನಲ್ಲಿ ನೆಂಟರಿಲ್ಲದವರಿಗೆ ಹೋಟೆಲಿನ ಬಾಡಿಗೆ ಸೇರಿ ಲೆಕ್ಕ ಬೇರೆಯೇ ಆದೀತು. ನಮ್ಮ ಮನೆಯವರು ಈಗಲೂ ಒಂದೇ ಟಿಕೆಟ್ ಎನ್ನುತ್ತಾರೆ. ಅಕ್ಕ ಮಾತ್ರ ಆಗಲೇ ಫೋನು ಮಾಡಿ, ಬರುವಾಗ ಬಾಳೆಕಾಯಿ ಚಿಪ್ಸ್ ತರಲು ಹೇಳಿದ್ದಾಳೆ.