ಹಳೇ ಡೀಸೆಲ್ ಪಿಕಪ್ ತಗೊಳ್ಳೋಕೆ ಮುಂಚೆ ಗ್ಯಾರೇಜ್ ಮೇಸ್ತ್ರಿ ಕರ್ಕೊಂಡು ಹೋಗಿ ಚೆಕ್ ಮಾಡಿಸಿದ್ದು, 7 ತಿಂಗಳಾದ್ಮೇಲೆ ನನ್ನ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ಇದು ಗಾಡಿ ರಿವ್ಯೂನೂ ಹೌದು, ಗಾಡಿ ನೋಡಿಕೊಟ್ಟ ಮೇಸ್ತ್ರಿ ಕೆಲಸದ ರಿವ್ಯೂನೂ ಹೌದು. ಎರಡನ್ನೂ ಬೇರೆ ಮಾಡಿ ಬರೆಯೋಕೆ ಆಗ್ತಿಲ್ಲ, ಯಾಕಂದ್ರೆ ಅವ್ರು ಗಾಡಿ ಕೆಳಗೆ ಮಲ್ಕೊಂಡು ನೋಡ್ದೇ ಇದ್ದಿದ್ರೆ ಇವತ್ತು ನಮ್ಮನೆ ಮುಂದೆ ಈ ಪಿಕಪ್ ಇರ್ತಿರ್ಲಿಲ್ಲ, ಫಳಫಳ ಹೊಳೆಯೋ ಬೇರೆ ಯಾವ್ದೋ ಒಂದು ನಿಂತಿರೋದು, ನಾನು ತಿಂಗಳು ತಿಂಗಳು ಗ್ಯಾರೇಜಿಗೆ ದುಡ್ಡು ಸುರಿತಾ ಇರ್ತಿದ್ದೆ.

ನಮ್ದು ತಿಪಟೂರು ಕಡೆ ತೆಂಗಿನ ತೋಟ. ಕೊಬ್ಬರಿ ಎಪಿಎಂಸಿಗೆ ಹಾಕೋದು, ಎಳನೀರು ಮದ್ದೂರಿಗೆ ಕಳ್ಸೋದು, ಹಸುಗಳಿಗೆ ಹಿಂಡಿ ಬೂಸಾ ತರೋದು, ಎಲ್ಲದಕ್ಕೂ ಬಾಡಿಗೆ ಗಾಡೀನೇ. ಸೀಸನ್‌ನಲ್ಲಿ ಕರೆದ್ರೆ ಬರಲ್ಲ, ಬಂದ್ರೂ ಹೇಳಿದ್ದೇ ರೇಟು. ಹೊಸದು ತಗೊಳ್ಳೋ ಶಕ್ತಿ ಇಲ್ಲ, ಸಾಲ ಇನ್ನೊಂದು ಬೇಡ ಅಂತ ಮನೇಲೂ ಹೇಳಿದ್ರು, ಹಾಗಾಗಿ ಗಾಡಿ ರೇಟು 5 ಲಕ್ಷ ದಾಟ್ಬಾರ್ದು ಅಂತ ಲೆಕ್ಕ ಹಾಕ್ಕೊಂಡು ಹಳೇದು ಹುಡುಕೋಕೆ ಶುರು ಮಾಡಿದ್ದು.

ಮೇಸ್ತ್ರಿದು ನಮ್ಮೂರಿಂದ 12 ಕಿಲೋಮೀಟರ್ ದೂರ, ರಸ್ತೆ ಪಕ್ಕ ಶೀಟ್ ಹಾಕಿರೋ ಗ್ಯಾರೇಜು. ಹೆಸರು ಹಾಕ್ಬೇಡ ಅಂದಿದಾರೆ, ಹಾಕಲ್ಲ. ಗಾಡಿ ನೋಡೋಕೆ ಬರೋದಕ್ಕೆ ಒಂದಕ್ಕೆ 1,000 ರೂಪಾಯಿ, ಹೋಗಿ ಬರೋ ಖರ್ಚು ನಂದು. ಒಪ್ಕೊಳ್ಳೋಕೆ ಮುಂಚೆ ಒಂದೇ ಕಂಡೀಷನ್ ಹಾಕಿದ್ರು: "ಅಣ್ಣ, ಹಿಂದಿನ ರಾತ್ರಿಯಿಂದ ಗಾಡಿ ಸ್ಟಾರ್ಟ್ ಮಾಡಿರ್ಬಾರ್ದು ಅಂತ ಓನರ್‌ಗೆ ಹೇಳಿ, ಬೆಳಿಗ್ಗೆ 7 ಗಂಟೆಗೆ ನಾವು ಅಲ್ಲಿರ್ಬೇಕು. ಬಿಸಿ ಎಂಜಿನ್ ಎಲ್ಲಾ ಮುಚ್ಚಿಡುತ್ತೆ." ಈ ಮಾತಿನ ಬೆಲೆ ನನಗೆ ಎರಡನೇ ಗಾಡಿ ನೋಡೋವಾಗ ಗೊತ್ತಾಯ್ತು.

ಮೊದಲನೇದು ಹಾಸನದಲ್ಲಿ. ಫೋಟೋದಲ್ಲಿ ನೋಡಿ ನಾನು ಅರ್ಧ ಮನಸು ಕೊಟ್ಟಾಗಿತ್ತು, ಹೊಸ ಬಿಳಿ ಪೇಂಟು, ಕೆಳಗೆ ಚಾಸಿಸ್‌ಗೆಲ್ಲಾ ಕಪ್ಪು ಬಣ್ಣ ಬಳ್ದು ಶೋರೂಮಿಂದ ಈಗ ಬಂದಂಗಿತ್ತು. ನಂಬರ್ ಕೆಎ-20, ಅಂದ್ರೆ ಉಡುಪಿ. ಮೇಸ್ತ್ರಿ ನಂಬರ್ ಪ್ಲೇಟ್ ನೋಡಿದ್ದೇ "ಏನ್ ಲೋಡ್ ಹೊಡೀತಿತ್ತು?" ಅಂತ ಕೇಳಿದ್ರು. ಮೀನು ಅಂತೆ. ಚೀಲದಿಂದ ಸಣ್ಣ ಸುತ್ತಿಗೆ ತೆಗ್ದು ಕೆಳಗೆ ನುಗ್ಗಿ ಚಾಸಿಸ್ ಉದ್ದಕ್ಕೂ ಮೆಲ್ಲಗೆ ಬಡ್ಕೊಂಡು ಹೋದ್ರು. ಮುಂದೆ ಟಣ್ ಟಣ್ ಅಂತಿದ್ದ ಸದ್ದು ಹಿಂದಿನ ಆಕ್ಸಲ್ ದಾಟ್ತಿದ್ದಂಗೆ ಡಬ್ ಡಬ್ ಆಯ್ತು, ಇನ್ನೊಂದೇಟಿಗೆ ಅಂಗೈಯಗಲ ಪೇಂಟು ಹಪ್ಪಳದ ಥರ ಕಳಚಿ ಕೆಳಗೆ ಬಿತ್ತು, ಅದರ ಹಿಂದೆ ಪದರ ಪದರ ತುಕ್ಕು. ಮೀನಿನ ಬಾಕ್ಸಿಂದ ಐಸ್ ಕರಗಿದ ಉಪ್ಪು ನೀರು ದಿನಾ ಬಾಡಿ ಸಂದಿಯಿಂದ ಅಲ್ಲಿಗೇ ಸೋರ್ತಿರುತ್ತೆ, ಕ್ರಾಸ್ ಮೆಂಬರ್ (ಚಾಸಿಸ್‌ನ ಅಡ್ಡಪಟ್ಟಿ), ಬ್ರೇಕ್ ಪೈಪು, ಕಮಾನ್ (ಸ್ಪ್ರಿಂಗ್ ಪ್ಲೇಟು) ಕೂರೋ ಜಾಗ ಎಲ್ಲಾ ತಿಂದಾಕುತ್ತೆ. ಎಂಜಿನ್ ಹಾಳಾದ್ರೆ ಬೋರ್ ಮಾಡಿಸ್ಬೋದು, ಚಾಸಿಸ್ ಕೊಳೆತ್ರೆ ಲೋಡ್ ಹೊರೋ ಗಾಡಿಗೆ ಮದ್ದಿಲ್ಲ. ಎಂಜಿನ್ ಸ್ಟಾರ್ಟ್ ಕೂಡ ಮಾಡ್ದೆ ವಾಪಸ್ ಬಂದ್ವಿ. ಹೊರಗೆ ಥಳಕು ಒಳಗೆ ಹುಳುಕು ಅಂತಾರಲ್ಲ, ಅದನ್ನ ಕಣ್ಣಾರೆ ನೋಡಿದ್ದು ಅವತ್ತೇ.

ಎರಡನೇದು ತುಮಕೂರು ಹತ್ರ ಒಂದು ಯಾರ್ಡಲ್ಲಿ, ಕೆಎ-07, ಕೋಲಾರದ್ದು, ಟೊಮ್ಯಾಟೊ ಹೊಡೀತಿದ್ದ ಗಾಡಿ. ಮೀಟರ್ 92,000. ನಾವು 7:10ಕ್ಕೆ ಹೋದ್ವಿ, ಮೇಸ್ತ್ರಿ ನಮಸ್ಕಾರ ಅಂತ ಹೇಳ್ತಾನೇ ಬಾನೆಟ್ ಮೇಲೆ ಕೈ ಇಟ್ರು, ಆಮೇಲೆ ನನ್ನ ಕೈ ಹಿಡ್ದು ಇಟ್ರು. ಬೆಚ್ಚಗಿತ್ತು. ಕೇಳಿದ್ರೆ ವಾಷಿಂಗ್‌ಗೆ ಹೋಗಿತ್ತು ಅಂದ್ರು. ಸ್ಟಾರ್ಟ್ ಮಾಡಿ ಆಯಿಲ್ ಕ್ಯಾಪ್ ಬಿಚ್ಚಿ ಅಲ್ಲೇ ತಲೆಕೆಳಗು ಮಾಡಿ ಇಟ್ರೆ ಮುಚ್ಚಳ ಕುಣ್ಕೊಂಡು ಕೆಳಗೆ ಬಿತ್ತು, ಬಾಯಿಂದ ಗುಪ್ ಗುಪ್ ಅಂತ ಹೊಗೆ. ಬ್ಯಾಕ್ ಕಂಪ್ರೆಷನ್ ಅಂತಾರೆ ಇದನ್ನ, ರಿಂಗು ಲೈನರ್ ಸವೆದು ಗ್ಯಾಸು ಕೆಳಗೆ ಆಯಿಲ್ ಚೇಂಬರ್‌ಗೆ ಇಳಿತಿದೆ ಅಂತ ಅರ್ಥ. ಕ್ಲಚ್ ಪೆಡಲ್ ರಬ್ಬರ್ ಸವೆದು ಕಬ್ಬಿಣ ಕಾಣ್ತಿತ್ತು, ಸ್ಟೇರಿಂಗ್ ಗಾಜಿನ ಥರ ನುಣುಪಾಗಿತ್ತು, ಕಮಾನ್‌ಗೆ ಎರಡೆರಡು ಪ್ಲೇಟ್ ಎಕ್ಸ್‌ಟ್ರಾ ಹಾಕ್ಸಿದ್ರು, ಅಂದ್ರೆ ಓವರ್‌ಲೋಡ್. 92,000 ಓಡಿರೋ ಗಾಡಿ ಲಕ್ಷಣ ಯಾವ್ದೂ ಅಲ್ಲ. ಮೀಟರ್ ಮೇಲೆ ಅನುಮಾನ ಬಂದ್ರೆ ಕಂಪನಿ ಸರ್ವೀಸ್ ಸೆಂಟರಲ್ಲಿ ಗಾಡಿ ನಂಬರ್ ಕೊಟ್ಟು ಹಿಸ್ಟರಿ ತೆಗ್ಸೋಕೆ ಓನರ್‌ನೇ ಕೇಳಿ ಅಂತ ಮೇಸ್ತ್ರಿ ಹೇಳ್ಕೊಟ್ರು, ನಾನು ಕೇಳ್ದೆ, ಆ ಕಡೆಯಿಂದ ಉತ್ತರ ಬರ್ಲಿಲ್ಲ.

ಮೂರನೇದೇ ಈಗ ನನ್ನ ಹತ್ರ ಇರೋದು. ಬೊಲೆರೊ ಪಿಕಪ್, ಬಿಎಸ್4, 2523 ಸಿಸಿ ಕಾಮನ್ ರೈಲ್ ಎಂಜಿನ್ (ಡೀಸೆಲ್ ಚಿಮ್ಮಿಸೋ ಎಲ್ಲಾ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಶರ್ ಪೈಪು, ಅದನ್ನೇ ರೈಲ್ ಅನ್ನೋದು), ಕೆಎ-44 ನಮ್ಮ ತಿಪಟೂರು ನಂಬರ್ರೇ, ಮೀಟರ್ 1,58,000. ಓನರ್ ದನದ ಫೀಡ್ ಅಂಗಡಿ ಇಟ್ಟಿದ್ದ ಯಜಮಾನ್ರು. ಜಾಹೀರಾತಲ್ಲಿ 2018 ಮಾಡಲ್, 5.25 ಲಕ್ಷ ಅಂತ ಇತ್ತು.

ಇಲ್ಲಿ ಮೇಸ್ತ್ರಿ ಎರಡೂವರೆ ಗಂಟೆ ತಗೊಂಡ್ರು. ಮೊದ್ಲು ಚಾಸಿಸ್ ನಂಬರ್. ಬಟ್ಟೇಲಿ ಒರೆಸಿ, ಮೇಲೆ ತೆಳು ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿದ್ರು, ಅಕ್ಷರ ಒಂದೊಂದಾಗಿ ಬಿಳಿಯಾಗಿ ಎದ್ದು ಬಂತು. 17 ಅಕ್ಷರ, ಎಂಎ1 ಅಂತ ಶುರು, ಆರ್‌ಸಿ ಜೊತೆ ಪೂರ್ತಿ ತಾಳೆ. ಅದ್ರಲ್ಲಿ 10ನೇ ಅಕ್ಷರ ವರ್ಷದ್ದು, ಇದರಲ್ಲಿ ಎಚ್ ಇತ್ತು, ಎಚ್ ಅಂದ್ರೆ 2017. ಆರ್‌ಸಿ ತೆಗ್ದು ನೋಡಿದ್ರೆ ತಯಾರಾಗಿದ್ದು 11/2017, ರಿಜಿಸ್ಟ್ರೇಷನ್ ಮಾತ್ರ 2018 ಫೆಬ್ರವರಿ. ಯಜಮಾನ್ರು ಸುಳ್ಳು ಹೇಳಿರ್ಲಿಲ್ಲ, ಅವರಿಗೂ ಅದು ಗೊತ್ತಿರ್ಲಿಲ್ಲ, ಆದ್ರೆ ರೇಟ್ ಮಾತಾಡೋವಾಗ 2017 ಅಂತಾನೇ ಲೆಕ್ಕ ಶುರುವಾಯ್ತು.

ಆಮೇಲೆ ಸ್ಟಾರ್ಟಿಂಗ್. ಕೀ ಆನ್ ಮಾಡಿ ಹೀಟರ್ ಲೈಟ್ ಆಫ್ ಆಗೋವರೆಗೂ ಕಾದು ಸೆಲ್ಫ್ ಹೊಡೆದ್ರೆ ಎರಡೇ ಸೆಕೆಂಡಿಗೆ ಹಿಡ್ಕೊಂತು. ಬಿಳಿ ಹೊಗೆ ಸ್ವಲ್ಪ ಬಂತು, ಹತ್ತು ಎಣ್ಸೋದ್ರೊಳಗೆ ನಿಂತೋಯ್ತು. ಬಿಳಿ ನಿಲ್ದೇ ಬರ್ತಾ ಇದ್ರೆ ಡೀಸೆಲ್ ಸರಿಯಾಗಿ ಉರೀತಿಲ್ಲ ಇಲ್ಲಾ ಕೂಲೆಂಟ್ ಒಳಗೆ ಹೋಗ್ತಿದೆ, ನೀಲಿ ಬಂದ್ರೆ ಆಯಿಲ್ ಉರೀತಿದೆ, ಆಕ್ಸಿಲರೇಟರ್ ಕೊಟ್ಟಾಗ ದಟ್ಟ ಕಪ್ಪು ಬಂದ್ರೆ ಇಂಜೆಕ್ಟರ್, ಟರ್ಬೊ, ಏರ್ ಫಿಲ್ಟರ್ ಕಡೆ ನೋಡ್ಬೇಕು. ಆಯಿಲ್ ಕ್ಯಾಪ್ ತಲೆಕೆಳಗಿಟ್ರೆ ಇಲ್ಲಿ ಸುಮ್ನೆ ನಡುಗ್ತಾ ಕೂತಿತ್ತು, ಹಾರ್ಲಿಲ್ಲ. ರೇಡಿಯೇಟರ್ ಕ್ಯಾಪ್ ಸ್ಟಾರ್ಟ್ ಮಾಡೋಕೆ ಮುಂಚೆನೇ ತಣ್ಣಗಿದ್ದಾಗ ಬಿಚ್ಚಿ ನೋಡಿದ್ರು, ಎಣ್ಣೆ ಜಿಡ್ಡಿಲ್ಲ, ಅಂದ್ರೆ ಆಯಿಲ್ಲೂ ಕೂಲೆಂಟೂ ಬೆರೀದಂಗೆ ತಡೆಯೋ ಹೆಡ್ ಗ್ಯಾಸ್ಕೆಟ್ ಬಗ್ಗೆ ಸದ್ಯಕ್ಕೆ ಭಯ ಇಲ್ಲ.

ನನಗೆ ಇವತ್ತಿಗೂ ಮರೆಯೋಕಾಗದ್ದು ಬಾಟ್ಲಿ ಟೆಸ್ಟು. ನಾಲ್ಕೂ ಇಂಜೆಕ್ಟರ್ ರಿಟರ್ನ್ ಪೈಪ್ (ಮಿಕ್ಕ ಡೀಸೆಲ್ ಟ್ಯಾಂಕಿಗೆ ವಾಪಸ್ ಹೋಗೋದು) ಬಿಚ್ಚಿ, ಒಂದೇ ಅಳತೆಯ ನಾಲ್ಕು ಸಣ್ಣ ಪಾರದರ್ಶಕ ಬಾಟ್ಲಿಗೆ ಒಂದೊಂದು ಪೈಪ್ ಬಿಟ್ಟು ನಾಲ್ಕು ನಿಮಿಷ ಐಡ್ಲಿಂಗಲ್ಲಿ ಬಿಟ್ರು. ಒಂದು, ಎರಡು, ನಾಲ್ಕನೇ ಬಾಟ್ಲೀಲಿ ಡೀಸೆಲ್ ಒಂದೇ ಸಮ ಏರ್ತಾ ಬಂತು, ಮೂರನೇದ್ರಲ್ಲಿ ಮಾತ್ರ ಹತ್ರ ಹತ್ರ ಎರಡರಷ್ಟು. ಸದ್ದಲ್ಲಿ ಏನೂ ಗೊತ್ತಾಗ್ತಿರ್ಲಿಲ್ಲ, ಬಾಟ್ಲಿ ಮಾತ್ರ ಹೇಳ್ತು. ಇಂಜೆಕ್ಟರ್ ಒಳಗೆ ಸವೆದಾಗ ಡೀಸೆಲ್ ಸಿಲಿಂಡರ್‌ಗೆ ಹೋಗೋ ಬದ್ಲು ರಿಟರ್ನ್‌ಗೆ ಸೋರುತ್ತೆ, ಹೆಚ್ಚಾದ್ರೆ ರೈಲಲ್ಲಿ ಪ್ರೆಶರ್ ಕಟ್ಟಲ್ಲ, ಎಂಜಿನ್ ಬಿಸಿ ಆದಾಗ ಸ್ಟಾರ್ಟಿಂಗ್ ಕೈ ಕೊಡುತ್ತೆ. ಯಜಮಾನ್ರೂ ಪಕ್ಕದಲ್ಲೇ ಬಗ್ಗಿ ನೋಡ್ತಿದ್ರು, ಅದಕ್ಕೇ ಆಮೇಲೆ ರೇಟಲ್ಲಿ ಇಂಜೆಕ್ಟರ್ ದುಡ್ಡು ಕಳೆಯೋಕೆ ಜಗಳ ಆಗ್ಲಿಲ್ಲ.

ಟೆಸ್ಟ್ ಡ್ರೈವ್ ಖಾಲಿ ಗಾಡೀಲಿ ಮಾಡ್ಬೇಡಿ. ಅಂಗಡೀಲೇ ಫೀಡ್ ಇತ್ತಲ್ಲ, 50 ಕೆಜಿಯ 20 ಮೂಟೆ, ಅಂದ್ರೆ ಒಂದು ಟನ್ ಹಾಕ್ಸಿ ಒಂದು ದಿಣ್ಣೆ ಹತ್ತಿಸಿದ್ವಿ. ಖಾಲಿ ಇದ್ದಾಗ ಕಾಣದ ಕ್ಲಚ್ ಸ್ಲಿಪ್ ಅಲ್ಲಿ ಕಾಣ್ತು, ಎಂಜಿನ್ ಸದ್ದು ಏರುತ್ತೆ ಗಾಡಿ ಏರಲ್ಲ. ಇಳಿಜಾರಲ್ಲಿ ಮೂರರಿಂದ ಎರಡನೇ ಗೇರ್‌ಗೆ ಹಾಕೋವಾಗ ಗರ್ ಅಂತು, ಗೇರ್ ಸದ್ದಿಲ್ದೆ ಕೂರಿಸೋ ಸಿಂಕ್ರೋ ಸವೆದಿದೆ. ಬ್ರೇಕ್ ಎಡಕ್ಕೆ ಎಳೀತಿತ್ತು. ಆದ್ರೆ ಕ್ರೌನ್ ಪಿನಿಯನ್ (ಹಿಂದಿನ ಆಕ್ಸಲ್ ಒಳಗಿನ ಗೇರು) ಸದ್ದೇ ಇರ್ಲಿಲ್ಲ, ಆಕ್ಸಿಲರೇಟರ್ ಬಿಟ್ಟಾಗಲೂ ಹೌಸಿಂಗಿಂದ ಕುಂಯ್ ಅನ್ನೋ ಸದ್ದಿಲ್ಲ, ಚಾಸಿಸ್ ಒಂದು ಕಡೇನೂ ವೆಲ್ಡಿಂಗ್ ಇಲ್ಲ, ಕಮಾನ್‌ಗೆ ಕಂಪನಿ ಪ್ಲೇಟ್ ಬಿಟ್ಟು ಬೇರೆ ಇಲ್ಲ. ಮೇಸ್ತ್ರಿ ಮುಖ ಆಗ ಅರಳಿತು.

ಟೈರ್ ಪಕ್ಕದಲ್ಲಿ ನಾಲ್ಕಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಹಿಂದಿನವು 2722, ಪರ್ವಾಗಿಲ್ಲ. ಮುಂದಿನವು 1418, ಬಟನ್ (ರಸ್ತೆ ಹಿಡಿಯೋ ಉಬ್ಬು) ಇನ್ನೂ ಇತ್ತು, ಆದ್ರೆ ಸಂದೀಲಿ ಬಿರುಕು. ಬಟನ್ ನೋಡಿ ನಾನಾಗಿದ್ರೆ ಚೆನ್ನಾಗಿದೆ ಅಂದ್ಕೊಂಡ್ಬಿಡ್ತಿದ್ದೆ.

ರೇಟ್ ಹೇಗೆ ಕಟ್ಟಿದ್ರು ಅನ್ನೋದೇ ನನ್ನ ಪ್ರಕಾರ ಇಡೀ 3,000 ರೂಪಾಯಿಗೆ ಸಿಕ್ಕಿದ ಪಾಠ. ಫೀಡ್ ಬಾಕ್ಸಿನ ರಟ್ಟು ಹರ್ದು ಅದರ ಹಿಂದೆ ಬರೆದ್ರು: ಇಂಜೆಕ್ಟರ್ 14,000, ಕ್ಲಚ್ ಸೆಟ್ ಕೂಲಿ ಸೇರಿ 11,000, ಮುಂದಿನ ಎರಡು ಟೈರ್ 14,000, ಬ್ರೇಕ್ 5,000, ಎಫ್‌ಸಿಗೆ (ಗಾಡಿ ಫಿಟ್‌ನೆಸ್ ಸರ್ಟಿಫಿಕೇಟ್) ಪೇಂಟು ತಿದ್ದಿ ರೇಡಿಯಂ ಸ್ಟಿಕರ್ ಲೈಟು ಎಲ್ಲಾ ಸರಿ ಮಾಡ್ಸೋಕೆ 15,000, ಇನ್ಶೂರೆನ್ಸ್ ಇನ್ನು 20 ದಿನಕ್ಕೆ ಮುಗಿಯೋದ್ರಲ್ಲಿತ್ತು, ಥರ್ಡ್ ಪಾರ್ಟಿ ಒಂದಕ್ಕೇ 2022ರಲ್ಲಿ ಗೊತ್ತು ಮಾಡಿದ ದರ 16,049, ಮೇಲೆ ಜಿಎಸ್‌ಟಿ, ಅದಕ್ಕೊಂದು 17,000. ಒಟ್ಟು 76,000. ಎರಡನೇ ಗೇರ್ ಕೆಲಸ ಅವರು ಸೇರಿಸ್ಲಿಲ್ಲ, "ಅದು ಇನ್ನೂ ಓಡುತ್ತೆ, ಇದೆಲ್ಲಾ ಕಳೆದ್ರೆ ಯಜಮಾನ್ರಿಗೆ ಬೇಜಾರಾಗುತ್ತೆ" ಅಂದ್ರು. ನಾನು 4.50 ಕೇಳಿದೆ, 4.62ಕ್ಕೆ ಮುಗೀತು. ಹಳೇ ಪಾಲಿಸೀಲಿರೋ ಐಡಿವಿ (ಇನ್ಶೂರೆನ್ಸ್‌ಗೆ ಹಾಕಿರೋ ಗಾಡಿ ಬೆಲೆ) ತೋರ್ಸಿ ಇದೇ ಗಾಡಿ ಬೆಲೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ, 5 ವರ್ಷ ದಾಟಿದ ಗಾಡಿಗೆ ಅದು ಓನರ್ರೂ ಕಂಪನಿಯೂ ಮಾತಾಡ್ಕೊಂಡು ಹಾಕೋ ಅಂಕಿ, ಮಾರ್ಕೆಟ್ ರೇಟಲ್ಲ. ಮತ್ತೆ ಸರಕು ಗಾಡಿಗೆ 8 ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಂದು ಸಲ, ಆಮೇಲೆ ವರ್ಷಾ ವರ್ಷಾ. ಆ ಗೆರೆ ಹತ್ರ ಇರೋ ಗಾಡಿ ನೋಡೋವಾಗ ಪ್ರತಿ ವರ್ಷದ ಆ ಖರ್ಚನ್ನೂ ತಲೇಲಿ ಇಟ್ಕೊಂಡೇ ರೇಟ್ ಹೇಳಿ.

ಪೇಪರ್ ಕಡೆ ನಾನೇ ನೋಡ್ಕೊಂಡೆ. ಪರಿವಾಹನ್‌ನಲ್ಲಿ ನಂಬರ್ ಹಾಕಿದ್ರೆ ಎಫ್‌ಸಿ, ಇನ್ಶೂರೆನ್ಸ್, ಟ್ಯಾಕ್ಸ್ ಎಲ್ಲಾ ಕಾಣುತ್ತೆ. ಸಾಲ ತೀರಿ ಎರಡು ವರ್ಷ ಆಗಿದ್ರೂ ಆರ್‌ಸಿಯಲ್ಲಿ ಫೈನಾನ್ಸ್ ಹೆಸ್ರು ಹಾಗೇ ಇತ್ತು. ಬರೀ 10,000 ಟೋಕನ್ ಕೊಟ್ಟು, ಫೈನಾನ್ಸ್‌ನವರ ಎನ್‌ಒಸಿ ಜೊತೆ ಫಾರಂ 35 ಹಾಕಿ ಆ ಹೆಸ್ರು ತೆಗ್ಸಿದ ಮೇಲೇ ಮಿಕ್ಕ ದುಡ್ಡು ಅಂದೆ. 19 ದಿನ ಹಿಡೀತು, ಆ 19 ದಿನ ನಿದ್ದೆ ಇಲ್ಲ, ಗಾಡಿ ಬೇರೆಯವರಿಗೆ ಹೋಗ್ಬಿಡುತ್ತೇನೋ ಅಂತ. ಹೋಗ್ಲಿಲ್ಲ, ಯಜಮಾನ್ರು ಮಾತಿಗೆ ನಿಂತ್ರು, ಬಾಕಿ ಇದ್ದ ಮೂರು ಟ್ರಾಫಿಕ್ ಫೈನೂ ಅವ್ರೇ ಕಟ್ಟಿ ಗಾಡಿ ನನ್ನ ಹೆಸರಿಗೆ ಮಾಡೋ ಫಾರಂ 29, 30ಕ್ಕೆ ಸೈನ್ ಹಾಕ್ಕೊಟ್ರು. ಆರ್‌ಸಿಯಲ್ಲಿ ಜಿವಿಡಬ್ಲ್ಯೂ (ಲೋಡ್ ಸೇರಿ ಗಾಡಿಯ ಒಟ್ಟು ತೂಕ) ಕೂಡ ನೋಡಿ, 3,000 ಕೆಜಿ ಮೀರ್ದೇ ಇದ್ರೆ ಪರ್ಮಿಟ್ ಬೇಡ, ನಂದು ಅದ್ರೊಳಗೇ ಬಂತು.

ಈಗ 7 ತಿಂಗಳು. ಇಂಜೆಕ್ಟರ್ 13,500ಕ್ಕೆ ಮುಗೀತು, ಕ್ಲಚ್ 10,800, ರಟ್ಟಿನ ಮೇಲಿನ ಲೆಕ್ಕ ಹೆಚ್ಚು ಕಡಿಮೆ ಹಾಗೇ ಬಂತು. ಲೋಡಲ್ಲಿ ಲೀಟರಿಗೆ 12 ಕೊಡ್ತಿದೆ. ಪಾರ್ಟ್ಸ್ ತಿಪಟೂರಲ್ಲೇ ಸಿಗುತ್ತೆ, ಅದಕ್ಕೋಸ್ಕರ ಬೆಂಗಳೂರಿಗೆ ಓಡೋದಿಲ್ಲ, ನನ್ನಂಥವ್ರಿಗೆ ಅದು ಮೈಲೇಜಿಗಿಂತ ದೊಡ್ಡದು. ಮೇಸ್ತ್ರಿ ಕೆಲಸದಲ್ಲಿ ಒಂದು ಕೊರತೆ ಹೇಳ್ಲೇಬೇಕು, ಅವ್ರು ವೈರಿಂಗ್ ಕಡೆ ಕಣ್ಣೇ ಹಾಯಿಸ್ಲಿಲ್ಲ. ಎರಡನೇ ತಿಂಗಳಲ್ಲಿ ಆಲ್ಟರ್ನೇಟರ್ ಚಾರ್ಜ್ ಮಾಡೋದು ನಿಲ್ಸಿ ರಾತ್ರಿ ಹತ್ತು ಗಂಟೇಲಿ ಎಳನೀರು ಲೋಡ್ ಸಮೇತ ರೋಡಲ್ಲಿ ನಿಂತೆ, 6,500 ಆಯ್ತು. ಸ್ಟಾರ್ಟ್ ಆದಾಗ ಬ್ಯಾಟರಿಗೆ ವೋಲ್ಟ್ ಮೀಟರ್ ಇಟ್ಟಿದ್ರೆ ಒಂದು ನಿಮಿಷದ ಕೆಲಸ ಅದು, ನೀವು ಯಾರ್ನ ಕರ್ಕೊಂಡು ಹೋದ್ರೂ ಅದನ್ನ ಕೇಳಿ ಮಾಡಿಸ್ಕೊಳ್ಳಿ. ಅದಕ್ಕೆ ಒಂದು ಕಳೆದು ಮೇಸ್ತ್ರಿಗೆ ಐದಕ್ಕೆ ನಾಲ್ಕು, ಗಾಡಿಗೂ ನಾಲ್ಕು.

ಎರಡನೇ ಗೇರ್ ಇನ್ನೂ ಬೆಳಿಗ್ಗೆ ಹೊತ್ತು ಗರ್ ಅನ್ನುತ್ತೆ. ಡಬಲ್ ಕ್ಲಚ್ ಮಾಡಿ (ನ್ಯೂಟ್ರಲ್‌ಗೆ ತಂದು ಇನ್ನೊಂದ್ಸಲ ಕ್ಲಚ್ ಒತ್ತಿ) ಓಡಿಸ್ತಿದೀನಿ, ಕಾಯಿ ಕೀಳೋ ಕೆಲಸ ಮುಗಿದ್ಮೇಲೆ ಗೇರ್‌ಬಾಕ್ಸ್ ಇಳ್ಸೋಣ ಅಂತ ಮೇಸ್ತ್ರಿ ಅಂದಿದಾರೆ.