ಲಡಾಖ್ ಪ್ಯಾಕೇಜ್ ಬುಕ್ ಮಾಡೋ ಮುಂಚೆ ಇದನ್ನ ಓದಿ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯವರು ಯಾರಾದ್ರೂ ಲಡಾಖ್‌ಗೆ ಹೊರಟಿದ್ರೆ ದಯವಿಟ್ಟು ಓದಿ. ನಾನು ಮೋಸ ಹೋಗಿದೀನಿ. ದುಡ್ಡು ಹೋಗಿದ್ದಕ್ಕಿಂತ ನಾಚಿಕೆನೇ ಜಾಸ್ತಿ, ಆದ್ರೂ ಬರೀತಿದೀನಿ.

ನಮ್ಮೂರಿನ ಏಜೆಂಟೇ, ಹೆಸರು ಬೇಡ. "ಲೇಗೆ ಇಳಿದ ಮಾರನೇ ದಿನವೇ ಖರ್ದುಂಗ್ಲಾ ಘಾಟಿಗಾ?" ಅಂತ ಕೇಳಿದ್ದೆ. "ಕೊಡಚಾದ್ರಿ ಹತ್ತೋ ಮಲೆನಾಡಿನವರು ನೀವು, ನಿಮಗೇನಾಗುತ್ತೆ ಅಣ್ಣ" ಅಂದ. ನಂಬಿಬಿಟ್ಟೆ. ಕೊಡಚಾದ್ರಿ 1,343 ಮೀಟರ್. ಲೇ ಊರೇ 3,500. ಖರ್ದುಂಗ್ಲಾ 5,300ರ ಮೇಲೆ, ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಹೆಚ್ಚುಕಮ್ಮಿ ಅರ್ಧ.

ತಲೆನೋವು, ವಾಕರಿಕೆ ಬಂತು. ಅದು ಗೊತ್ತಾಗುತ್ತೆ. ಬುದ್ಧಿ ಮಂಕಾಗಿದ್ದು ಗೊತ್ತಾಗಲ್ಲ, ಅದೇ ಅಪಾಯ. ಜೊತೆಗೆ ಬಂದಿದ್ದ ಏಜೆಂಟ್‌ನ ಹುಡುಗ ಆಕ್ಸಿಜನ್ ಕ್ಯಾನ್ ಕೈಗಿಟ್ಟು "ನಾಲ್ಕು ಜನದ್ದು ಸಾರ್, ಒಂದು ಸೈನ್" ಅಂತ ಹಾಳೆ ಹಿಡಿದ. ಹದಿನೆಂಟು ವರ್ಷದಿಂದ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯೋನು ನಾನು. ರಾಶಿ ಇಡಿ ಎಷ್ಟು ಕ್ವಿಂಟಾಲ್, ರೇಟು ಎಷ್ಟು, ಕಮಿಷನ್ ಕಳೆದು ಎಷ್ಟು, ಎಲ್ಲ ಬಾಯಲ್ಲೇ. ಅವತ್ತು ತಲೆಗೆ ಸಾವಿರದ ಇನ್ನೂರು ಅಂದ್ರೆ ಅದನ್ನ ನಾಲ್ಕರಿಂದ ಗುಣಿಸೋಕಾಗಲಿಲ್ಲ. ಒಂದೇ ಸಾಲು ಮೂರು ಸಲ ಓದಿದೆ, ತಲೆಗೆ ಹೋಗ್ಲಿಲ್ಲ. ಆದ್ರೂ ನಾನು ಸರಿಯಾಗೇ ಇದೀನಿ ಅನ್ಕೊಂಡು ಸೈನ್ ಹಾಕಿದೆ. ಹೌದು, ನಾನೇ ಹಾಕಿದ್ದು.

ಹೋಟೆಲಿಗೆ ಬಂದು ನೋಡಿದ್ರೆ 4,800 ಅಲ್ಲ, 14,800! ಕೆಳಗೆ ಸಣ್ಣಕ್ಷರದಲ್ಲಿ, ಪಾಂಗಾಂಗ್ ಸರೋವರದ ಟ್ರಿಪ್ ನಾವೇ ಬೇಡ ಅಂದಿದೀವಿ, ದುಡ್ಡು ವಾಪಸ್ ಕೇಳಲ್ಲ ಅಂತ. ನಾವು ಯಾವತ್ತು ಬೇಡ ಅಂದ್ವಿ?

ಏಜೆಂಟ್‌ಗೆ ಫೋನ್ ಮಾಡಿದೆ. "ಓದೇ ಅಲ್ವಾ ಸೈನ್ ಹಾಕಿದ್ದು? ಚಿಕ್ಕ ಮಗುನಾ ನೀವು?" ಆಕ್ಸಿಜನ್ ಕಮ್ಮಿಯಾಗಿ ತಲೆ ಓಡ್ತಿರಲಿಲ್ಲ ಅಂದ್ರೆ, "ಆಕ್ಸಿಜನ್ ಕಮ್ಮಿಯಾದ್ರೆ ಉಸಿರು ಕಟ್ಟುತ್ತೆ ಸಾರ್, ಲೆಕ್ಕ ತಪ್ಪುತ್ತಾ?" ಅಂತ ನಕ್ಕ. ನಕ್ಕ!

ತಪ್ಪುತ್ತೆ ಮಾರಾಯ. ದೇಹಕ್ಕೆ ಸಿಗೋ ಆಮ್ಲಜನಕದಲ್ಲಿ ಸುಮಾರು ಐದರಲ್ಲೊಂದು ಪಾಲು ಮಿದುಳಿಗೇ ಬೇಕು ಅಂತ ಊರಿಗೆ ಬಂದ ಮೇಲೆ ನಮ್ಮ ಡಾಕ್ಟರ್ ಹೇಳಿದ್ರು.

ಲೇಯಲ್ಲಿ ಎರಡು ದಿನ ಸುಮ್ಮನೆ ಮಲಗಿ, ಏಜೆಂಟ್ ಏನೇ ಹೇಳಲಿ. ಎತ್ತರದ ಕಾಯಿಲೆಗೆ ಕೊಡೋ ಡೈಮಾಕ್ಸ್ ಮಾತ್ರೆ ಬೇಕಾ ಅಂತ ಹೊರಡೋ ಮುಂಚೆಯೇ ಡಾಕ್ಟರ್‌ನ ಕೇಳಿ. ಜೊತೆಯವರು ಮಾತು ತೊದಲಿದ್ರೆ, ನೆಟ್ಟಗೆ ನಡೆಯೋಕಾಗದೆ ವಾಲಿದ್ರೆ ಫೋಟೋ ಗೀಟೋ ಬಿಟ್ಟು ತಕ್ಷಣ ಕೆಳಗಿಳಿಸಿ, ಅದು ಜೀವಕ್ಕೇ ಕುತ್ತು. ಮೇಲೆ ನಿಂತು ಯಾವ ಹಾಳೆಗೂ ಸೈನ್ ಹಾಕಬೇಡಿ. ಯಾವ ಹಾಳೆಗೂ.

ನಿನ್ನೆಯಿಂದ ನನ್ನ ನಂಬರ್ ಬ್ಲಾಕ್ ಮಾಡಿದಾನೆ.